ಎದೆಯ ಮೇಲೆ ಶ್ವಾಸಕೋಶದ ಫಿಷರ್‌ಗಳನ್ನು ಗುರುತಿಸುವ ಬಗೆ

ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲ ವರ್ಷ ಓದುತ್ತಿರುವವರಿಗೂ, ಶಿರಸಿ, ಕುಮಟಾ ಕಡೆಯ ನರ್ಸಿಂಗ್ ವಿದ್ಯಾರ್ಥಿಗಳಿಗೂ ಈ ಬರಹ. ಫಾರ್ಮಾಲಿನ್‌ನಲ್ಲಿಟ್ಟ ಶ್ವಾಸಕೋಶದಲ್ಲಿ ಫಿಷರ್, ಅಂದರೆ ಅದನ್ನು ಹಾಲೆಗಳೆಂಬ (ಲೋಬ್) ಭಾಗಗಳಾಗಿ ವಿಂಗಡಿಸುವ ಸೀಳು, ತೋರಿಸುವುದು ಕಷ್ಟವೇನಲ್ಲ. ಆದರೆ ಅದು ಎದೆಯ ಮೇಲೆ ಎಲ್ಲಿ ಬರುತ್ತದೆಂದು ತಿಳಿಯದಿದ್ದರೆ, ಸ್ಟೆತಸ್ಕೋಪ್ ಇಟ್ಟಲ್ಲಿ ಯಾವ ಹಾಲೆಯ ಸದ್ದು ಕೇಳುತ್ತಿದೆ ಎಂಬುದೇ ತಿಳಿಯದು.

ಒಪ್ಪಿದ ಸಹಪಾಠಿಯೊಬ್ಬರನ್ನು ಸ್ಟೂಲಿನ ಮೇಲೆ ಕೂರಿಸಿ. ಕರಾವಳಿಯ ಸೆಕೆಗೆ ಗೆರೆ ಕದಡುತ್ತದೆ, ಬೆವರನ್ನು ಮೊದಲು ಒರೆಸಿ. ಎದೆಮೂಳೆಯ ಮೇಲ್ಭಾಗದಿಂದ ಬೆರಳು ಕೆಳಗಿಳಿಸಿದರೆ ಒಂದು ಅಡ್ಡ ಉಬ್ಬು ಸಿಗುತ್ತದೆ, ಅದೇ ಸ್ಟರ್ನಲ್ ಆಂಗಲ್. ಅದರ ಪಕ್ಕದಲ್ಲಿರುವುದು 2ನೇ ಪಕ್ಕೆಲುಬಿನ ಮೃದ್ವಸ್ಥಿ. ಎಣಿಕೆ ಶುರುವಾಗಬೇಕಾದದ್ದು ಇಲ್ಲಿಂದಲೇ. ಮೊದಲ ಪಕ್ಕೆಲುಬು ಕೊರಳೆಲುಬಿನ ಅಡಿಯಲ್ಲಿ ಅಡಗಿರುವುದರಿಂದ, ಕೈಗೆ ಸಿಕ್ಕ ಮೊದಲನೆಯದನ್ನೇ ಒಂದು ಎಂದು ಎಣಿಸಿದವರ ಗೆರೆಗಳೆಲ್ಲ ಒಂದು ಪಕ್ಕೆಲುಬು ಕೆಳಗೆ ಹೋಗುತ್ತವೆ.

ಓರೆ ಫಿಷರ್ ಎರಡೂ ಕಡೆ ಇದೆ. ಬೆನ್ನಿನಲ್ಲಿ 3ನೇ ಎದೆ ಕಶೇರುಕದ (ಬೆನ್ನುಮೂಳೆಯ ಮಣಿ) ಹಿಂದಕ್ಕೆ ಚಾಚಿದ ಮುಳ್ಳಿನಿಂದ 2 ಸೆಂ.ಮೀ. ಪಕ್ಕಕ್ಕೆ ಒಂದು ಚುಕ್ಕೆ ಇಡಿ. ಹೆಗಲೆಲುಬಿನ ಅಡ್ಡ ಏಣಿನ ಒಳತುದಿ ಸುಮಾರು ಅದೇ ಮಟ್ಟದಲ್ಲಿರುತ್ತದೆ. ಕಂಕುಳ ನಡುಗೆರೆಯಲ್ಲಿ 5ನೇ ಪಕ್ಕೆಲುಬಿನ ಮೇಲೆ ಎರಡನೆಯದು, ಮುಂದೆ ನಡುರೇಖೆಯಿಂದ 7.5 ಸೆಂ.ಮೀ. ದೂರದಲ್ಲಿ 6ನೇ ಮೃದ್ವಸ್ಥಿಯ ಮೇಲೆ ಮೂರನೆಯದು. ಮೂರನ್ನೂ ಜೋಡಿಸಿ. ಈಗ ಕೈಯನ್ನು ತಲೆಯ ಹಿಂದಕ್ಕೆ ಇಡಿಸಿ: ಹೆಗಲೆಲುಬಿನ ಒಳ ಅಂಚು ತಿರುಗಿ ಹೆಚ್ಚುಕಡಿಮೆ ನಿಮ್ಮ ಗೆರೆಯ ಜಾಡಿನಲ್ಲೇ ನಿಲ್ಲಬೇಕು. ತೀರಾ ಬೇರೆ ಕಡೆ ನಿಂತರೆ ಕಶೇರುಕಗಳನ್ನು ಮತ್ತೆ ಎಣಿಸಿ.

ಅಡ್ಡ ಫಿಷರ್ ಬಲಕ್ಕೆ ಮಾತ್ರ. ಎದೆಮೂಳೆಯ ಬಲ ಅಂಚಿನಲ್ಲಿ 4ನೇ ಮೃದ್ವಸ್ಥಿಯಿಂದ ಹೊರಟು, ಕಂಕುಳ ನಡುಗೆರೆಯಲ್ಲಿ ಓರೆ ಗೆರೆಯನ್ನು ಕೂಡುತ್ತದೆ. ಮಧ್ಯದ ಹಾಲೆ ಇವೆರಡರ ನಡುವೆ, ಮುಂಭಾಗದಲ್ಲಿದೆ.

ಗೆರೆ ಎಳೆದ ಮೇಲೆ ಬೆನ್ನನ್ನು ನೋಡಿ. ಬಹುಪಾಲು ಕೆಳಹಾಲೆಯೇ. ಮಳೆಗಾಲದಲ್ಲಿ ಜ್ವರ, ಕೆಮ್ಮಿನೊಂದಿಗೆ ಬಂದವರ ಎದೆಗೆ ಮುಂದಿನಿಂದ ಮಾತ್ರ ಸ್ಟೆತಸ್ಕೋಪ್ ಇಟ್ಟು ಕಳಿಸಿದರೆ ಕೆಳಹಾಲೆಯ ನ್ಯುಮೋನಿಯಾ ತಪ್ಪಿಹೋಗುತ್ತದೆ. ಅಂಗಿ ಎತ್ತಿಸಿ ಬೆನ್ನಿಗೂ ಇಡಲೇಬೇಕು.

ಡಿಸೆಕ್ಷನ್ ಮೇಜಿನಲ್ಲಿ ಫಿಷರ್‌ಗಳನ್ನು ಎಣಿಸಿ ಎಡ ಬಲ ಹೇಳಬೇಡಿ. ಅಡ್ಡ ಫಿಷರ್ ಹಲವು ಶ್ವಾಸಕೋಶಗಳಲ್ಲಿ ಅಪೂರ್ಣ, ಕೆಲವದರಲ್ಲಿ ಇರುವುದೇ ಇಲ್ಲ. ತುದಿ ಮೇಲೆ, ಹೈಲಂ (ಶ್ವಾಸನಾಳ, ರಕ್ತನಾಳಗಳು ಹೊಗುವ ಜಾಗ) ಒಳಬದಿಗೆ, ತೆಳು ಅಂಚು ಮುಂದೆ ಬರುವಂತೆ ಹಿಡಿದು ಬದಿ ನಿರ್ಧರಿಸಿ. ಅಪೂರ್ಣ ಫಿಷರನ್ನು ಬೆರಳಿನಿಂದ ಸೀಳಿ ಪೂರ್ತಿ ಮಾಡಲು ಹೋಗಬೇಡಿ. ಅಲ್ಲಿ ಎರಡು ಹಾಲೆಗಳ ಅಂಗಾಂಶ ಬೆಸೆದುಕೊಂಡಿರುತ್ತದೆ. ಹಾಲೆ ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ಗಾಳಿ ಸೋರುವುದಕ್ಕೆ ಈ ಬೆಸುಗೆಯೂ ಒಂದು ಕಾರಣ.

ಎಕ್ಸ್‌ರೇ ನೋಡುವಾಗ, ನೇರ ಚಿತ್ರದಲ್ಲಿ ಕಾಣುವುದು ಸಾಮಾನ್ಯವಾಗಿ ಬಲ ಹೈಲಂ ಮಟ್ಟದ ಕೂದಲೆಳೆಯಂಥ ಅಡ್ಡ ಫಿಷರ್ ಮಾತ್ರ, ಏಕೆಂದರೆ ಕಿರಣ ಅದಕ್ಕೆ ಸಮಾನಾಂತರವಾಗಿ ಹಾಯುತ್ತದೆ. ಓರೆ ಫಿಷರ್‌ಗೆ ಪಕ್ಕದ ಚಿತ್ರ ಬೇಕು. ಅಡ್ಡ ಗೆರೆ ಮೇಲಕ್ಕೆ ಸರಿದಿದ್ದರೆ ಬಲ ಮೇಲ್ಹಾಲೆ ಕುಸಿದಿದೆಯೇ ಎಂದು ಮೊದಲು ಪರಿಶೀಲಿಸಿ.