ಮನೆಯ ಕಂಪ್ಯೂಟರಿನಲ್ಲೇ ಗುರುತ್ವ ಅಲೆ ಹುಡುಕುವುದು ಹೇಗೆ?

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಮೊದಲ ಸಲ ಹಿಡಿದ ಗುರುತ್ವ ಅಲೆ (ದೇಶ-ಕಾಲದಲ್ಲೇ ಏಳುವ ಕಂಪನ) ಒಂದು ಸೆಕೆಂಡೂ ಪೂರ್ತಿ ಇರಲಿಲ್ಲ. ಎರಡು ಕಪ್ಪುಕುಳಿ ಸೇರಿ ಒಂದಾದವು, ಮುಗಿಯಿತು. ಆದರೆ ನಿಲ್ಲದೇ ಬರುವ ಅಲೆಯೂ ಇರಬೇಕು. ಸತ್ತ ದೊಡ್ಡ ನಕ್ಷತ್ರದ ಕುಗ್ಗಿದ ತಿರುಳೇ ನ್ಯೂಟ್ರಾನ್ ನಕ್ಷತ್ರ. ಗಿರ್ರನೆ ತಿರುಗುವ ಅದರ ಮೈಮೇಲೆ ಸಣ್ಣ ಉಬ್ಬು ಇದ್ದರೂ ಸಾಕು, ಅದು ಹಗಲೂ ರಾತ್ರಿ ಅಲೆ ಎಬ್ಬಿಸುತ್ತದೆ. ಇದು ಇನ್ನೂ ಯಾರಿಗೂ ಸಿಕ್ಕಿಲ್ಲ.

ಕಷ್ಟ ಲೆಕ್ಕದಲ್ಲಿದೆ. ಅಲೆ ತುಂಬಾ ಕ್ಷೀಣ. ತಿಂಗಳುಗಟ್ಟಲೆ ದತ್ತಾಂಶ ಕೂಡಿಸಿದರೇ ಗೊತ್ತಾಗುವುದು. ಅಷ್ಟರಲ್ಲಿ ಭೂಮಿ ಸುಮ್ನೆ ಕೂತಿರುವುದಿಲ್ಲ, ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುತ್ತದೆ. ಹಾಗಾಗಿ ಅಲೆಯ ಆವರ್ತನ (ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎನ್ನುವುದು) ಹೆಚ್ಚುಕಮ್ಮಿ ಆಗುತ್ತಲೇ ಇರುತ್ತದೆ. ಎಷ್ಟು ಅನ್ನುವುದು ನಕ್ಷತ್ರ ಯಾವ ದಿಕ್ಕಿನಲ್ಲಿದೆ ಎನ್ನುವುದರ ಮೇಲೆ. ದಿಕ್ಕೇ ಗೊತ್ತಿಲ್ಲದಿದ್ದರೆ? ಆಕಾಶದ ಒಂದೊಂದು ಚೂರಿಗೂ, ಒಂದೊಂದು ಆವರ್ತನಕ್ಕೂ ಬೇರೆ ಲೆಕ್ಕ ಹಾಕಬೇಕು. ಜೊತೆಗೆ ಉಪಕರಣಕ್ಕೆ ಸುತ್ತಲಿನಿಂದ ಬರುವ ಗದ್ದಲ ಬೇರೆ. ಏಡಿ ನೀಹಾರಿಕೆಯ ಪಲ್ಸಾರ್ (ತಿರುಗುತ್ತಾ ಮಿಡಿತದಂತೆ ಸಂಕೇತ ಕಳಿಸುವ ನ್ಯೂಟ್ರಾನ್ ನಕ್ಷತ್ರ) ಸೆಕೆಂಡಿಗೆ ಸುಮಾರು 30 ಸುತ್ತು ಹಾಕುತ್ತದೆ. ಅಲೆ ಅದರ ಎರಡರಷ್ಟು, ಅಂದರೆ 60 ಹರ್ಟ್ಸ್ ಹತ್ತಿರ ಬರಬೇಕು. ಅಮೆರಿಕದ ಕರೆಂಟೂ 60 ಹರ್ಟ್ಸೇ! ಅದರ ಗದ್ದಲದಲ್ಲಿ ಅಲೆ ಮುಚ್ಚಿಹೋಗಬಹುದು.

ಈ ಲೆಕ್ಕವನ್ನು ಆಸಕ್ತರ ಮನೆಯ ಕಂಪ್ಯೂಟರುಗಳಿಗೆ ಹಂಚಲು 2005ರಲ್ಲಿ ಶುರುವಾದ ಯೋಜನೆ ‘ಐನ್‌ಸ್ಟೈನ್ ಅಟ್ ಹೋಮ್’. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಮತ್ತು ಅಮೆರಿಕದ ವಿಸ್ಕಾನ್ಸಿನ್–ಮಿಲ್ವಾಕಿ ವಿಶ್ವವಿದ್ಯಾಲಯ ಇದರ ಹಿಂದಿವೆ.

ಮೊದಲು ‘ಬೋಯಿಂಕ್’ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಳ್ಳಿ. ತೆರೆದಾಗ ಬರುವ ಪಟ್ಟಿಯಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಆರಿಸಿ, ಇಮೇಲ್ ಮತ್ತು ಪಾಸ್‌ವರ್ಡ್ ಕೊಡಿ. ಖಾತೆ ರೆಡಿ.

ಕೂಡಲೇ ಬೋಯಿಂಕ್‌ನ ಕಂಪ್ಯೂಟಿಂಗ್ ಪ್ರಿಫರೆನ್ಸಸ್‌ಗೆ ಹೋಗಿ. ಇದನ್ನು ಬಿಡಲೇಬೇಡಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಕಾದು ಫ್ಯಾನ್ ಕೂಗತೊಡಗುತ್ತದೆ. ಪ್ರೊಸೆಸರ್ ಬಳಕೆ ಅರ್ಧಕ್ಕೆ ಇಳಿಸಿ. ನೀವು ಕೆಲಸ ಮಾಡುವಾಗ ಮತ್ತು ಬ್ಯಾಟರಿಯಲ್ಲಿ ಓಡುವಾಗ ನಿಲ್ಲುವಂತೆ ಟಿಕ್ ಹಾಕಿ. ಕರೆಂಟ್ ಬಿಲ್ಲನ್ನೂ ಯೋಚಿಸಿ: 100 ವ್ಯಾಟ್ ಜಾಸ್ತಿ ಎಳೆದರೆ ಹತ್ತು ಗಂಟೆಗೆ ಒಂದು ಯುನಿಟ್. ಇದಕ್ಕೆಂದೇ ಹೊಸ ಕಂಪ್ಯೂಟರ್ ಕೊಳ್ಳುವುದು ನನ್ನ ಪ್ರಕಾರ ದಂಡ.

ಆಮೇಲೆ ಯೋಜನೆಯ ಜಾಲತಾಣದಲ್ಲಿ ನಿಮ್ಮ ಖಾತೆಗೆ ಹೋಗಿ, ಗುರುತ್ವ ಅಲೆಯ ಹುಡುಕಾಟವನ್ನು ಆರಿಸಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಈ ಕೆಲಸ ಸಿಗದೇ ಇರಬಹುದು. ಆಗ ಪಲ್ಸಾರ್ ಹುಡುಕಾಟಕ್ಕೂ ಒಪ್ಪಿಗೆ ಕೊಡಿ. ಅದೇನೂ ಕಡಿಮೆಯದಲ್ಲ. 2010ರಲ್ಲಿ ಅಮೆರಿಕದ ಒಂದು ದಂಪತಿ ಮತ್ತು ಜರ್ಮನಿಯ ಒಬ್ಬರ ಕಂಪ್ಯೂಟರುಗಳು ಹೊಸ ಪಲ್ಸಾರ್ ಒಂದನ್ನು ಪತ್ತೆ ಮಾಡಿದವು.

ಉಳಿದದ್ದೆಲ್ಲ ತಾನಾಗೇ ನಡೆಯುತ್ತದೆ. ಕೆಲಸದ ತುಂಡು ಬರುತ್ತದೆ, ಉತ್ತರ ಹೋಗುತ್ತದೆ. ಖಾತೆಯಲ್ಲಿ ಸೇರುವ ಅಂಕಗಳಿಗೆ ದುಡ್ಡೇನೂ ಬರಲ್ಲ.

ಏನೂ ಸಿಗದಿದ್ದರೆ ದಂಡವೇ? ಅಲ್ಲ. ಅಲೆ ಕಾಣದಿದ್ದರೆ ಉಬ್ಬು ಅಷ್ಟು ಚಿಕ್ಕದು ಎಂದರ್ಥ. ಕೆಲವು ಪಲ್ಸಾರ್‌ಗಳ ಮೈಮೇಲೆ ಕೂದಲೆಳೆಯಷ್ಟು ಎತ್ತರದ ಉಬ್ಬೂ ಇಲ್ಲವೆಂದು ಲೈಗೊ ವಿಜ್ಞಾನಿಗಳಿಗೆ ಹೀಗೇ ತಿಳಿದದ್ದು.

ಸಾಕೆನಿಸಿದರೆ ಮೊದಲು ‘ನೋ ನ್ಯೂ ಟಾಸ್ಕ್ಸ್’ ಒತ್ತಿ. ಕೈಯಲ್ಲಿರುವ ತುಂಡು ಮುಗಿದ ಮೇಲೆ ಯೋಜನೆಯನ್ನು ತೆಗೆದುಹಾಕಿ. ನಡುವೆಯೇ ಕಿತ್ತುಹಾಕಿದರೆ ಆ ತುಂಡನ್ನು ಇನ್ನೊಬ್ಬರಿಗೆ ಮತ್ತೆ ಕಳಿಸಬೇಕಾಗುತ್ತದೆ.