ಸ್ಕ್ರೀನ್ ಇರುವ ಪುಟ್ಟ ಮೈಕ್ರೋಸ್ಕೋಪ್: ಮೊದಲು ಬೆಳಕು ಸರಿಮಾಡಿ, ಜೂಮ್ ಆಮೇಲೆ

ಡಬ್ಬಿ ಬಿಚ್ಚಿದ ತಕ್ಷಣ ಮೈಕ್ರೋಸ್ಕೋಪನ್ನು ಕೈಯಲ್ಲಿ ಹಿಡಿದು, ಬೆರಳಿನ ಮೇಲಿಟ್ಟು, ಜೂಮ್ ಬಟನ್ ಒತ್ತುತ್ತಾ ಹೋಗಬೇಕು ಅನ್ನಿಸುತ್ತದೆ. ನಾನೂ ಅದನ್ನೇ ಮಾಡಿದ್ದೆ. ಸ್ಕ್ರೀನ್ ತುಂಬ ಮಸುಕು, ಅದೂ ನಡುಗುತ್ತಿರುತ್ತದೆ. ಎರಡೇ ದಿನಕ್ಕೆ ಬೇಜಾರಾಗಿ ಅದು ಕಪಾಟು ಸೇರುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ನಾವು ಶುರು ಮಾಡುವ ಕಡೆ ತಪ್ಪಿರುತ್ತದೆ ಅಷ್ಟೇ.

ಮೊದಲು ಸ್ಟ್ಯಾಂಡಿಗೆ ಹಾಕಿ. ಸಣ್ಣದು ದೊಡ್ಡದಾಗಿ ಕಂಡಷ್ಟೇ ಕೈಯ ನಡುಕವೂ ದೊಡ್ಡದಾಗುತ್ತದೆ, ಆದ್ದರಿಂದ ಗಟ್ಟಿ ಮೇಜಿನ ಮೇಲೇ ಇಡಬೇಕು. ಫ್ಯಾನ್ ಗಾಳಿಯೂ ಬೇಡ. ಫೋಟೋ ಬಟನ್ ಒತ್ತುವಾಗಲೂ ಸ್ವಲ್ಪ ಅಲುಗುತ್ತದೆ, ಅದಕ್ಕೇ ನಾನು ಒಂದೇ ವಸ್ತುವಿನ ಮೂರು ನಾಲ್ಕು ಫೋಟೋ ತೆಗೆದು ಚೆನ್ನಾಗಿರುವುದನ್ನು ಇಟ್ಟುಕೊಳ್ಳುತ್ತೇನೆ. ಮೆಮೊರಿ ಕಾರ್ಡನ್ನು ಮೈಕ್ರೋಸ್ಕೋಪಿನಲ್ಲೇ ಫಾರ್ಮ್ಯಾಟ್ ಮಾಡಿ. ಅದರಲ್ಲಿ ಹಳೆಯ ಫೋಟೋ ಇದ್ದರೆ ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಇಲ್ಲದಿದ್ದರೆ ಎಲ್ಲಾ ಅಳಿಸಿಹೋಗುತ್ತದೆ.

ಈಗ ಫೋಕಸ್. ಚಕ್ರವನ್ನು ನಿಧಾನವಾಗಿ, ತುಂಬಾ ನಿಧಾನವಾಗಿ ತಿರುಗಿಸಿ. ಲೆನ್ಸ್ ವಸ್ತುವಿನಿಂದ ದೂರ ಇದ್ದರೆ ಕಡಿಮೆ ದೊಡ್ಡದಾಗಿ ಕಾಣುತ್ತದೆ, ಹತ್ತಿರ ಬಂದರೆ ಜಾಸ್ತಿ. ಮೊದಲು ದೂರದಿಂದ ನೋಡಿ ಬೇಕಾದ ಜಾಗವನ್ನು ಸ್ಕ್ರೀನಿನ ನಡುವಿಗೆ ತನ್ನಿ, ಆಮೇಲೆ ಹತ್ತಿರ ಹೋಗಿ. ಉಬ್ಬುತಗ್ಗು ಇರುವ ವಸ್ತುವಾದರೆ ಎಲ್ಲಾ ಕಡೆ ಒಟ್ಟಿಗೇ ಸ್ಪಷ್ಟವಾಗಿ ಕಾಣುವುದಿಲ್ಲ. ಇರುವೆಯ ತಲೆ ಸ್ಪಷ್ಟವಾದರೆ ಕಾಲು ಮಸುಕಾಗುತ್ತದೆ. ಅದು ಲೆನ್ಸಿನ ಗುಣ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಡಬ್ಬಿಯ ಮೇಲೆ 1000 ಪಟ್ಟು ಅಂತ ಬರೆದಿದ್ದರೆ ಅದನ್ನು ಹಾಗೇ ನಂಬಬೇಡಿ, ಒಮ್ಮೆ ಅಳೆದು ನೋಡಿ. ಲೆನ್ಸಿನ ಕೆಳಗೆ ಒಂದು ಸ್ಕೇಲ್ ಇಟ್ಟು ಫೋಕಸ್ ಮಾಡಿ, ಸ್ಕ್ರೀನಿನ ಮೇಲೆ ಇನ್ನೊಂದು ಸ್ಕೇಲ್ ಹಿಡಿಯಿರಿ. ಕೆಳಗಿನ 1 ಮಿಲಿಮೀಟರ್ ಸ್ಕ್ರೀನಿನಲ್ಲಿ 50 ಮಿಲಿಮೀಟರ್ ಉದ್ದ ಕಂಡರೆ ನಿಮಗೆ ಸಿಕ್ಕಿದ್ದು 50 ಪಟ್ಟು. 4.3 ಇಂಚಿನ ಅಗಲ ಸ್ಕ್ರೀನು ಸುಮಾರು 95 ಮಿಲಿಮೀಟರ್ ಅಗಲ ಇರುತ್ತದೆ. ಅದರಲ್ಲಿ ನಿಜವಾಗಿಯೂ 1000 ಪಟ್ಟು ಕಾಣುವುದಾದರೆ ಒಂದು ತಲೆಕೂದಲೇ ಇಡೀ ಸ್ಕ್ರೀನನ್ನು ತುಂಬಿಬಿಡಬೇಕು! ಡಿಜಿಟಲ್ ಜೂಮ್ ಇದ್ದ ಚಿತ್ರವನ್ನೇ ಹಿಗ್ಗಿಸುತ್ತದೆ, ಹೊಸದಾಗಿ ಏನನ್ನೂ ತೋರಿಸುವುದಿಲ್ಲ. ಬ್ಯಾಕ್ಟೀರಿಯಾ ನೋಡಬೇಕು ಅಂತ ಇದನ್ನು ಕೊಂಡಿದ್ದರೆ ನಿರಾಸೆಯಾಗುತ್ತದೆ. ಅವು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಒಂದೆರಡು ಭಾಗದಷ್ಟೇ ಇರುತ್ತವೆ, ಈ ಯಂತ್ರಕ್ಕೆ ಸಿಗುವುದಿಲ್ಲ. ಆದರೆ 40, 50 ಪಟ್ಟಿನಲ್ಲೇ ನೋಡುವುದಕ್ಕೆ ಎಷ್ಟೊಂದಿದೆ ಅಂದರೆ, ಒಂದು ರಜಾದಿನ ಪೂರ್ತಿ ಕೂತರೂ ಮುಗಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬೆಳಕು. ಲೆನ್ಸಿನ ಸುತ್ತ ಉಂಗುರದ ಹಾಗೆ ಎಲ್‌ಇಡಿ ಇರುತ್ತವಲ್ಲ, ಅವು ನೇರ ಮೇಲಿಂದ ಬೆಳಕು ಚೆಲ್ಲುತ್ತವೆ. ನೆರಳೇ ಬೀಳುವುದಿಲ್ಲ. ನೆರಳಿಲ್ಲದಿದ್ದರೆ ಉಬ್ಬು ಯಾವುದು, ತಗ್ಗು ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದು ಹರಳು ಉಪ್ಪನ್ನು ಕಪ್ಪು ಕಾಗದದ ಮೇಲೆ ಇಟ್ಟು ನೋಡಿ. ಉಂಗುರದ ದೀಪದಲ್ಲಿ ಅದು ಬರೀ ಬಿಳಿ ಚುಕ್ಕೆ. ಈಗ ಆ ದೀಪವನ್ನು ಪೂರ್ತಿ ತಗ್ಗಿಸಿ, ಒಂದು ಟಾರ್ಚನ್ನು ಮೇಜಿನ ಮಟ್ಟದಲ್ಲೇ ಮಲಗಿಸಿ ಪಕ್ಕದಿಂದ ಬೆಳಕು ಬಿಡಿ. ಪೆಟ್ಟಿಗೆಯಂಥ ಅಂಚುಗಳು, ಸವೆದ ಮೂಲೆಗಳು, ಮೈಮೇಲಿನ ಗೀರುಗಳು, ಒಂದೊಂದೇ ಎದ್ದು ಕಾಣುತ್ತವೆ. ಸುಮ್ನೆ ಟಾರ್ಚನ್ನು ಅತ್ತಿತ್ತ ಸರಿಸಿದರೆ ಅದೇ ಹರಳು ಬೇರೆಯದೇ ಥರ ಕಾಣುತ್ತದೆ. ನನಗೆ ಈ ಯಂತ್ರದ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ. ನಾಣ್ಯ, ಲೋಹದಂಥ ಹೊಳೆಯುವ ವಸ್ತುವಾದರೆ ದೀಪಕ್ಕೂ ವಸ್ತುವಿಗೂ ನಡುವೆ ಒಂದು ತೆಳು ಬಿಳಿ ಕಾಗದ ಹಿಡಿಯಿರಿ, ಕಣ್ಣು ಕುಕ್ಕುವ ಹೊಳಪು ತಗ್ಗುತ್ತದೆ. ಎಲೆಯಂಥ ತೆಳು ವಸ್ತುವಿಗೆ ಕೆಳಗಿನಿಂದ ಬೆಳಕು ಬೇಕು. ಮೊಬೈಲಿನಲ್ಲಿ ಖಾಲಿ ಬಿಳಿ ಪುಟ ತೆರೆದು, ಅದರ ಮೇಲೆ ಒಂದು ಗಾಜಿನ ತುಂಡು ಇಟ್ಟು, ಗಾಜಿನ ಮೇಲೆ ಎಲೆ ಇಡಿ. ನರಗಳ ಬಲೆ ಚೆನ್ನಾಗಿ ಕಾಣುತ್ತದೆ.

ಮೊಬೈಲ್ ಸ್ಕ್ರೀನನ್ನೇ ನೋಡಲೂಬಹುದು. ಯಂತ್ರದ ದೀಪ ಆರಿಸಿಬಿಡಿ. ಬಿಳಿ ಅಂತ ಕಾಣುತ್ತಿದ್ದ ಜಾಗದಲ್ಲಿ ಬಿಳಿಯೇ ಇರುವುದಿಲ್ಲ, ಕೆಂಪು, ಹಸಿರು, ನೀಲಿಯ ಪುಟ್ಟ ಪುಟ್ಟ ದೀಪಗಳ ಸಾಲು ಇರುತ್ತದೆ. ಅಚ್ಚಾದ ಬಣ್ಣದ ಚಿತ್ರ ಚುಕ್ಕೆಗಳಾಗಿ ಒಡೆಯುತ್ತದೆ. ಬಟ್ಟೆಯನ್ನೂ ಮರೆಯಬೇಡಿ, ನೂಲಿನ ಹೆಣಿಗೆ ನೋಡಿದರೆ ನೇಯ್ದವರ ಕೆಲಸ ಅರ್ಥವಾಗುತ್ತದೆ. 17ನೇ ಶತಮಾನದಲ್ಲಿ ನೀರಿನ ಹನಿಯಲ್ಲಿ ಜೀವಿಗಳನ್ನು ಕಂಡ ಆಂಟನಿ ವಾನ್ ಲೀವೆನ್‌ಹಾಕ್ ಬಟ್ಟೆ ವ್ಯಾಪಾರಿ ಅಲ್ವಾ!

ಚರ್ಮ, ಕೂದಲಿನ ಬುಡ ಎಲ್ಲಾ ನೋಡಬಹುದು. ಆದರೆ ಮಚ್ಚೆಯೋ ಗಾಯವೋ ಬದಲಾಗುತ್ತಿದ್ದರೆ ಸ್ಕ್ರೀನ್ ನೋಡಿ ನೀವೇ ತೀರ್ಮಾನ ಮಾಡಬೇಡಿ, ವೈದ್ಯರಿಗೆ ತೋರಿಸಿ. ಮಕ್ಕಳ ಕೈಗೆ ಕೊಡುವಾಗ ದೀಪವನ್ನು ಕಣ್ಣಿಗೆ ಹಿಡಿಯಬಾರದು ಅಂತ ಮೊದಲೇ ಹೇಳಿಬಿಡಿ. ಜೀವಂತ ಹುಳುವನ್ನು ಅಂಟಿಸಿ ಹಿಂಸೆ ಮಾಡಬೇಡಿ. ಪಾರದರ್ಶಕ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿ, ಸಿಕ್ಕಿದ ಜಾಗದಲ್ಲೇ ಬಿಟ್ಟುಬಿಡಿ. ಒದ್ದೆ ವಸ್ತುವಿಗೆ ಲೆನ್ಸ್ ತಾಗಿಸಬೇಡಿ, ಧೂಳನ್ನು ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಲ್ಲಿ ತೆಗೆಯಿರಿ.

ಕೊನೆಗೆ ಒಂದು ಕೆಲಸ ಮಾಡಿ. ಚಿಟಿಕೆ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಗಾಜಿನ ಮೇಲೆ ಒಂದೇ ಒಂದು ಸಣ್ಣ ಹನಿ ಬಿಡಿ. ಗಾಜಿನ ಕೆಳಗೆ ಕಪ್ಪು ಕಾಗದ, ಪಕ್ಕದಿಂದ ಟಾರ್ಚ್. ಹನಿಯ ಅಂಚಿಗೆ ಫೋಕಸ್ ಮಾಡಿ, ವಿಡಿಯೋ ಹಾಕಿ ಕಾಯಿರಿ. ನೀರು ಆರುತ್ತಾ ಬಂದ ಹಾಗೆ ಅಂಚಿನಲ್ಲಿ ಏನೂ ಇಲ್ಲದ ಕಡೆ ಒಂದು ಪುಟ್ಟ ಚೌಕ ಕಾಣಿಸಿಕೊಳ್ಳುತ್ತದೆ. ಪಕ್ಕದಲ್ಲಿ ಇನ್ನೊಂದು. ನೀವು ನೋಡುತ್ತಿರುವಾಗಲೇ ಎರಡೂ ಬೆಳೆಯುತ್ತವೆ.