ಗುಳೆ ಬಂದವರ ಮಗಳ ಓದು: ನನ್ನ ಅನುಭವ

ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಜ್ಜಿಯ ಜೊತೆ ಬೆಳೆಯುತ್ತಿರುವ ಹುಡುಗಿಯೊಬ್ಬಳ ಓದನ್ನು ನಾನು ಬೆಂಗಳೂರಿನಲ್ಲಿದ್ದುಕೊಂಡೇ ನೋಡಿಕೊಳ್ಳುತ್ತಿದ್ದೇನೆ. ಅವಳಿಗೆ ತಂದೆ ಇಲ್ಲ. ತಾಯಿ ಗುಳೆ ಬಂದವರು. ನಮ್ಮ ಬೀದಿ ಕೊನೆಯಲ್ಲಿ ಕಟ್ಟಡ ಏಳುವಾಗ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು, ಪರಿಚಯ ಆಗಿದ್ದು ಹಾಗೆ.

ವಿಷಯ ಗೊತ್ತಿರುವವರು ಮೊದಲು ಕೇಳೋದು "ತಿಂಗಳಿಗೆ ಎಷ್ಟು ಕಳಿಸ್ತೀರಿ?" ಅಂತ. ನಾನು ತಿಂಗಳು ತಿಂಗಳು ಕಳಿಸೋದೇ ಇಲ್ಲ. ಆ ಊರಲ್ಲಿ ಯಾವಾಗ ಯಾವ ಕೆಲಸ ನಡೆಯುತ್ತೆ ಅನ್ನೋದು ಮೊದಲು ಗೊತ್ತಿರಬೇಕು. ಆಮೇಲೆ ಕಾಗದಪತ್ರ. ದುಡ್ಡಿನ ಮಾತು ಇವೆರಡು ಆದ ಮೇಲೆ.

ದೀಪಾವಳಿ ಆಸುಪಾಸಿಗೆ ಆ ಕಡೆ ಹತ್ತಿ ಬಿಡಿಸುವ ಕೆಲಸ ಜೋರಾಗುತ್ತೆ. ಕೂಲಿ ಕೆ.ಜಿ. ಲೆಕ್ಕದಲ್ಲಿ. ಚಿಕ್ಕ ಕೈಯಾದರೂ ಬಿಡಿಸಿದಷ್ಟಕ್ಕೆ ದುಡ್ಡು ಸಿಗುತ್ತೆ. ಹತ್ತಿ ಕಮ್ಮಿಯಾಗುವಷ್ಟರಲ್ಲಿ ಮೆಣಸಿನಕಾಯಿ ಬರುತ್ತೆ. ಶಾಲೆ ಬಿಡೋದು ಒಂದೇ ದಿನ ಆಗೋ ಕೆಲಸ ಅಲ್ಲ. ನಾಲ್ಕು ದಿನ ಹತ್ತಿ, ಎರಡು ದಿನ ಅಜ್ಜಿಗೆ ಜ್ವರ, ಆಮೇಲೆ ತರಗತಿಗೆ ಹೋದರೆ ಲೆಕ್ಕ ತಲೆಗೆ ಹೋಗಲ್ಲ, ಎಲ್ಲರೆದುರು ನಾಚಿಕೆ. ಅಲ್ಲಿಗೆ ಮುಗೀತು. ಅದಕ್ಕೇ ಜೂನ್‌ನಲ್ಲಿ ಒಂದು ಸಲ, ಹತ್ತಿ ಶುರುವಾಗೋ ಮುಂಚೆ ಇನ್ನೊಂದು ಸಲ ಹಣ ಕೊಡುತ್ತೇನೆ. ಕೊಡೋದು ತಾಯಿಯ ಕೈಗೆ. ಅದರಲ್ಲಿ ಸಾಲ ತೀರಿಸಿದರೂ ನಾನು ಕೇಳಲ್ಲ. ಸಾಲ ಹಗುರಾದರೆ ಅಜ್ಜಿ ಮೊಮ್ಮಗಳನ್ನು ಹೊಲಕ್ಕೆ ಕರೆಯೋದೂ ಕಮ್ಮಿಯಾಗುತ್ತೆ.

ಫೋನಲ್ಲಿ "ಶಾಲೆಗೆ ಹೋಗ್ತಿದ್ದೀಯಾ?" ಅಂತ ಕೇಳೋದರಲ್ಲಿ ಅರ್ಥವಿಲ್ಲ. ಉತ್ತರ ಯಾವಾಗಲೂ "ಹೂನ್ರಿ ಅಕ್ಕಾರ". ಬದಲಿಗೆ ನಾನು ಬಿಸಿಯೂಟದ ಸುದ್ದಿ ತೆಗೆಯುತ್ತೇನೆ. ಇವತ್ತು ಮೊಟ್ಟೆ ಕೊಟ್ಟರಾ, ಬಾಳೆಹಣ್ಣಾ? ಪಕ್ಕದಲ್ಲಿ ಯಾರು ಕೂತಿದ್ದರು? ಹೋಗಿದ್ದ ದಿನ ಮಾತು ತಾನಾಗೇ ಉದ್ದವಾಗುತ್ತೆ, ಸಾರು ನೀರಾಗಿತ್ತು ಅನ್ನೋ ದೂರೂ ಸೇರಿ. ಹೋಗದಿದ್ದ ದಿನ ಸ್ವಲ್ಪ ಹೊತ್ತು ಸುಮ್ನಿದ್ದು, "ಹತ್ತಿ ಬಿಡಸಾಕ ಹೋಗಿದ್ನಿರಿ, ಆಯಿಗೆ ಸೊಂಟ ಹಿಡದೈತ್ರಿ" ಅಂತಾಳೆ. ಆಯಿ ಅಂದರೆ ಅಜ್ಜಿ. ನಾನು ಬೈಯಲ್ಲ. ಬೈದರೆ ಮುಂದಿನ ಸಲ ಊಟದ ಬಗ್ಗೆಯೂ ಸುಳ್ಳು ಹೇಳೋದು ಕಲೀತಾಳೆ, ಅಲ್ವಾ? ಯಾವ ಪಾಠ ತಪ್ಪಿತು ಅಂತ ಕೇಳಿ ಮೇಷ್ಟ್ರಿಗೆ ಒಂದು ಫೋನ್ ಮಾಡುತ್ತೇನೆ.

ಇನ್ನು ಕಾಗದಪತ್ರ. ದೂರದಲ್ಲಿರುವವರು ನಿಜಕ್ಕೂ ಕೈ ಜೋಡಿಸಬಹುದಾದ ಜಾಗ ಇದು. ತಂದೆ ತೀರಿಕೊಂಡು ತಾಯಿಯೊಬ್ಬರೇ ಸಾಕುತ್ತಿರುವ ಮಕ್ಕಳಿಗೆ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತೆ. ಹಳ್ಳಿಯ ಕುಟುಂಬವಾದರೆ ವರ್ಷದ ಆದಾಯ 72,000 ರೂಪಾಯಿ ದಾಟಿರಬಾರದು. ಅರ್ಜಿ ಹಾಕಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಈ ತಾಯಿಗೆ ಇಂಥದ್ದೊಂದು ಇದೆ ಅಂತಲೇ ಯಾರೂ ಹೇಳಿರಲಿಲ್ಲ. ತಂದೆಯ ಮರಣ ಪ್ರಮಾಣಪತ್ರ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಪಾಸ್‌ಬುಕ್, ಆಧಾರ್ ಎಲ್ಲವನ್ನೂ ಒಂದು ಫೈಲಿಗೆ ಹಾಕಿದೆವು. ಆಗ ಗೊತ್ತಾಯಿತು, ಆಧಾರ್‌ನಲ್ಲಿ ಹುಡುಗಿಯ ಹೆಸರಿನ ಮುಂದೆ ಅಪ್ಪನ ಹೆಸರು, ಶಾಲೆಯ ದಾಖಲೆಯಲ್ಲಿ ಮನೆತನದ ಹೆಸರು. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಹುಡುಗಿಯರು!

ತಿದ್ದುಪಡಿಗೆ ತಾಯಿಯೇ ಊರಿಗೆ ಹೋಗಬೇಕಾಯಿತು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಸರಿ. ಬಸ್ಸು ಫ್ರೀ, ಆದರೆ ತಪ್ಪಿದ ಕೂಲಿ ಯಾರು ಕೊಡ್ತಾರೆ? ಅದನ್ನು ನಾನು ಕೊಟ್ಟೆ. ಪುಸ್ತಕ, ಬ್ಯಾಗಿಗಿಂತ ನನ್ನ ದುಡ್ಡು ಜಾಸ್ತಿ ಕೆಲಸಕ್ಕೆ ಬಂದದ್ದು ಅಲ್ಲೇ. ಹಣ ಮಂಜೂರಾದ ಮೇಲೂ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ ಕೆಲವು ದಿನ ನಿಂತಿತ್ತು. ಇಂಥ ಸಣ್ಣ ಗಂಟುಗಳನ್ನು ಬಿಡಿಸೋಕೆ ಫೋನ್ ಹಿಡಿದು ಕೂರುವ ಪುರುಸೊತ್ತು ಕೂಲಿಯವರಿಗೆ ಇರಲ್ಲ, ನನಗಿದೆ.

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಅನ್ನೋ ವಿದ್ಯಾರ್ಥಿವೇತನದ ಪರೀಕ್ಷೆ ಕಟ್ಟಿಸಿದೆವು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಇವಳು ಆಯ್ಕೆಯಾಗಲಿಲ್ಲ. ಆದರೆ ತಯಾರಿಯ ನೆಪದಲ್ಲಿ ಮೇಷ್ಟ್ರು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟ ಲೆಕ್ಕ ಅವಳ ಜೊತೆ ಉಳಿಯಿತು.

ಎಂಟು ಮುಗಿದದ್ದೇ ತಡ, "ಇನ್ನೆಷ್ಟು ಓದಸೂದು" ಅನ್ನೋ ಮಾತು ಶುರುವಾಯಿತು. ಶಿಕ್ಷಣ ಹಕ್ಕು ಕಾಯ್ದೆಯ ಆಸರೆ 14 ವರ್ಷದವರೆಗೆ ಮಾತ್ರ, ಹೈಸ್ಕೂಲು ಇರೋದು ಪಕ್ಕದೂರಲ್ಲಿ. ನಾನು ಅಜ್ಜಿಗೆ ಓದಿನ ಮಹತ್ವ ಹೇಳೋಕೆ ಹೋಗಲಿಲ್ಲ. ನಿಮಗೆ ಯಾವುದರ ಭಯ ಅಂತ ಕೇಳಿದೆ. "ಚಳಿಗಾಲದಾಗ ಬಸ್ ಇಳಿಯೂದ್ರಾಗ ಕತ್ಲಾಗ್ತದವ್ವ, ಹಾದ್ಯಾಗ ಯಾರೂ ಇರಂಗಿಲ್ಲ" ಅಂದರು. ಭಯ ದಾರಿಯದ್ದು, ಓದಿನದ್ದಲ್ಲ. ಹಾಗಾಗಿ ತಾಲೂಕಿನ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅರ್ಜಿ ಹಾಕಿದೆವು. ಹಾಕುವ ಮೊದಲು ಹುಡುಗಿಯನ್ನೂ ಕೇಳಿದೆ. ಅವಳಿಗಿದ್ದ ಚಿಂತೆ ಒಂದೇ: ಆಯಿಗೆ ನೀರು ಯಾರು ತಂದುಕೊಡ್ತಾರೆ? ಪಕ್ಕದ ಮನೆಯವರು ಒಪ್ಪಿದ ಮೇಲೇ ಟ್ರಂಕು ಕಟ್ಟಿದಳು. ಅವಳ ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಮಕ್ಕಳ ಸಹಾಯವಾಣಿ 1098 ಬರೆಸಿದ್ದೇನೆ. ಗೆಳತಿಯರೂ ಬರೆದುಕೊಂಡಿದ್ದಾರಂತೆ.

ಫೋಟೋ ಕಳಿಸು, ಥ್ಯಾಂಕ್ಸ್ ಹೇಳು ಅಂತೆಲ್ಲ ಕೇಳಲ್ಲ. ಅವಳು ನನಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಈಗ ಒಂಬತ್ತನೇ ತರಗತಿ. ಎಸ್ಸೆಸ್ಸೆಲ್ಸಿಗೆ ಹೆಸರು ನೋಂದಾಯಿಸುವ ಮುಂಚೆ ಆಧಾರ್ ಇಟ್ಟುಕೊಂಡು ಒಂದೊಂದು ಅಕ್ಷರ ನೋಡಿ ಸಾರ್ ಅಂತ ಹೈಸ್ಕೂಲಿನ ಮೇಷ್ಟ್ರಿಗೆ ಈಗಲೇ ಹೇಳಿಟ್ಟಿದ್ದೇನೆ.